ಮೇಲಿನ ಮನೆಯವರ ಬಾಗಿಲು

ರಾವ್ನಾ ಹೊಳೆಯೊಳಗಿನ ಕ್ಯಾಮೆರಾದ ಚಿತ್ರವನ್ನು ನಿಲ್ಲಿಸಿದಳು. ಪರದೆಯ ನಡುವೆ ಸಾಲ್ಮನ್ ಮೀನೊಂದು ಬಾಲವನ್ನು ಅರ್ಧ ಬೀಸಿದಂತೆಯೇ ನಿಂತುಬಿಟ್ಟಿತು. ಅದರ ಎಡಪಕ್ಕೆಯ ಮೇಲೆ ಕಡಲ ಪ್ರಾಣಿ ಸೀಲ್ ಕಚ್ಚಿದ ಗಾಯ ಮಾಗಿ ಉಳಿದ ಬಿಳಿ ಗುರುತು. ಕೊಡಲಿಯಂತೆ ಒಂದು ಬದಿ ಅಗಲ, ಒಂದು ಬದಿ ಸಣ್ಣ. ನಿನ್ನೆ ಮಧ್ಯಾಹ್ನದ ಚಿತ್ರದಲ್ಲೂ ಇದೇ ಗುರುತಿತ್ತು. ಮೊನ್ನೆಯದರಲ್ಲೂ ಇತ್ತೇನೋ. ಅವಳು ಕಾಫಿ ಲೋಟವನ್ನು ಕೆಳಗಿಟ್ಟು ಮೊನ್ನೆಯದನ್ನು ತೆಗೆದಳು.

ಇತ್ತು.

ಮೂರು ಸಲವೂ ಮೀನು ಬಲದಿಂದ ಎಡಕ್ಕೆ, ಅಂದರೆ ಹೊಳೆಯ ಮೇಲುಗಡೆಗೆ ಹೋಗಿತ್ತು. ಒಂದು ಸಲವೂ ಕೆಳಗಿಳಿದು ಬಂದಿರಲಿಲ್ಲ. ಇಳಿಯದೆ ಮತ್ತೆ ಹತ್ತುವುದು ಹೇಗೆ?

ಹೊರಗೆ ಮಗುಚಿಟ್ಟ ದೋಣಿಯ ಮೇಲೆ ಕೂತು ಅಪ್ಪ ಇಸ್ಸಾತ್ ಬಲೆ ಸರಿಮಾಡುತ್ತಿದ್ದ. ಕಿಟಕಿಯಿಂದ ಅವನ ಬೆನ್ನು, ಟೊಪ್ಪಿ, ಟೊಪ್ಪಿಯ ಸುತ್ತ ಗುಂಯ್‌ಗುಡುವ ಸೊಳ್ಳೆಗಳು ಕಾಣುತ್ತಿದ್ದವು. ಮರದ ಸೂಜಿಯನ್ನು ಅವನು ಬಲಗೈಯಲ್ಲಿ ತೂರಿಸಿ ಗಂಟನ್ನು ಹಲ್ಲಿನಿಂದ ಬಿಗಿಯುತ್ತಿದ್ದ. ಚಳಿಗಾಲದಲ್ಲಿ ಎಡಗೈಗೆ ಬಡಿದ ಲಕ್ವ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ.

"ಅಪ್ಪಾ."

"ಹ್ಞೂಂ."

"ಏನಿಲ್ಲ."

"ಏನಿಲ್ಲ ಅಂತ ಹೇಳೋದಕ್ಕೆ ಕೂಗಿದ್ಯಾ? ಇಲಾಖೆಯವರು ಅದಕ್ಕೂ ಸಂಬಳ ಕೊಡ್ತಾರೇನು?"

ಅವಳು ಕೂತಿದ್ದ ಗುಡಿಸಲು ಮೊದಲು ಮೀನು ಸೀಳುವ ಗುಡಿಸಲಾಗಿತ್ತು. ಈಗ ಸೀಳುವ ಮೇಜಿನ ಮೇಲೆ, ಹತ್ತುವ ಮೀನನ್ನು ಎಣಿಸುವ ಮೀನುಗಾರಿಕೆ ಇಲಾಖೆಯ ಪರದೆ ಇತ್ತು. ಗೋಡೆಯ ಕೊಕ್ಕೆಗಳಲ್ಲಿ ಬಲೆಯ ಬದಲು ಕರಿಯ ತಂತಿಗಳು ಜೋತಾಡುತ್ತಿದ್ದವು. ಎಷ್ಟು ತೊಳೆದರೂ ಹಲಗೆಯ ಸಂದುಗಳಲ್ಲಿ ಹಳೆಯ ಹುರುಪೆಗಳು ಉಳಿದಿದ್ದವು. ಬಿಸಿಲು ಬಿದ್ದಾಗ ಅವು ಅಲ್ಲಲ್ಲಿ ಮಿಂಚುತ್ತಿದ್ದವು.

ಉತ್ತರದ ತುದಿಯ ದೆಯತ್ನು ನದಿಯಲ್ಲೂ ಅದಕ್ಕೆ ಸೇರುವ ಈ ಸುಹ್ಪೆ ಹೊಳೆಯಲ್ಲೂ ಸಾಲ್ಮನ್ ಹಿಡಿಯುವುದನ್ನು ನಿಲ್ಲಿಸಿ ಕೆಲವು ಬೇಸಿಗೆಗಳು ಕಳೆದಿದ್ದವು. ಸಮುದ್ರಕ್ಕೆ ಹೋದ ಮೀನು ತಿರುಗಿ ಬರುತ್ತಿರಲಿಲ್ಲ. ಯಾಕೆ ಎಂದು ಕೇಳಿದರೆ ಒಬ್ಬರು ಸಮುದ್ರ ಬಿಸಿಯಾಗಿದೆ ಎನ್ನುವರು, ಇನ್ನೊಬ್ಬರು ಕಡಲಿನ ಸಾಕುಮೀನಿನ ಹೇನು ಎನ್ನುವರು, ಮತ್ತೊಬ್ಬರು ರಷ್ಯಾದ ಕಡೆಯಿಂದ ದಂಡಾಗಿ ಬರುವ ಗೂನುಬೆನ್ನಿನ ಮೀನನ್ನು ಬಯ್ಯುವರು. ಅಂಗಡಿಯಲ್ಲಿ ಸಾಕಿದ ಸಾಲ್ಮನ್ ಪ್ಲಾಸ್ಟಿಕ್ ಹೊದ್ದು ಮಲಗಿರುತ್ತಿತ್ತು. ಇಸ್ಸಾತ್ ಅದರ ಮುಂದೆ ಹಾದುಹೋಗುವಾಗ ಇನ್ನೊಂದು ಕಡೆಗೆ ಮುಖ ತಿರುಗಿಸುತ್ತಿದ್ದ, ಸಾಲ ಕೊಡದ ನೆಂಟನನ್ನು ಕಂಡವನ ಹಾಗೆ.

ಈ ವರ್ಷ ಒಂದು ಮಾತು ಬಂದಿತ್ತು. ಜುಲೈ ಮುಗಿಯುವುದರೊಳಗೆ ಮುನ್ನೂರು ಸಾಲ್ಮನ್ ಸುಹ್ಪೆ ಹೊಳೆ ಹತ್ತಿದರೆ ಒಂದು ವಾರ ಬಲೆ ಇಳಿಸಬಹುದು. ಒಂದೇ ವಾರ. ಇಸ್ಸಾತನಿಗೆ ಅಷ್ಟು ಸಾಕಾಗಿತ್ತು. ಮುಂದಿನ ಬೇಸಿಗೆಗೆ ತನ್ನ ಕಾಲು ಈ ನೀರಿನಲ್ಲಿ ನಿಲ್ಲುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಹೊಳೆಗೆ ಅಡ್ಡ ಹಾಕುವ ಬೇಲಿಯ ಬಾಯಿಗೆ ಬಲೆ ಕಟ್ಟುವುದನ್ನು ರಾವ್ನಾ ಇನ್ನೂ ಕಲಿತಿರಲಿಲ್ಲ. ಚಿಕ್ಕವಳಿದ್ದಾಗ ಅವಳ ಕೆಲಸ ದೋಣಿಯಲ್ಲಿ ಹಗ್ಗ ಹಿಡಿದು ಕೂರುವುದು. ದೊಡ್ಡವಳಾಗಿ ಪೇಟೆಗೆ ಓದಲು ಹೋದಳು. ತಿರುಗಿ ಬರುವ ಹೊತ್ತಿಗೆ ಹೊಳೆ ಮುಚ್ಚಿತ್ತು.

"ಬಾಯಲ್ಲಿ ಹೇಳಪ್ಪ, ಬರ್ಕೊಳ್ತೀನಿ," ಎಂದು ಅವಳು ಒಮ್ಮೆ ಕೇಳಿದ್ದಳು.

"ಬಾಯಲ್ಲಿ ಹೇಳೋಕೆ ಬರಲ್ಲ ಮಗಳೇ. ಮೀನು ಬಡೀಬೇಕು. ಬಡಿದಾಗ ಹಗ್ಗ ನಿನ್ನ ಕೈಗೆ ಹೇಳುತ್ತೆ, ಎಷ್ಟು ಸಡಿಲ ಬಿಡಬೇಕು ಅಂತ. ನಾನೇನು ಹೇಳ್ಲಿ?"

ಹಿಮ ಕರಗುವ ಮುಂಚೆ ಇಲಾಖೆಯ ಸೋಲ್ವೈಗ್ ಮನೆಗೆ ಬಂದಿದ್ದಳು. ಹಿಂದಿನ ವರ್ಷ ಅವರು ಹಾಕಿದ್ದ ಉಕ್ಕಿನ ಬೇಲಿಯನ್ನು ನೆರೆ ಕೊಚ್ಚಿಕೊಂಡು ಹೋಗಿತ್ತು. ಕ್ಯಾಮೆರಾದ ಕಣ್ಣು ನೀರಿನಲ್ಲಿ ಬಹಳ ದೂರ ಕಾಣುವುದಿಲ್ಲ. ಮೀನುಗಳನ್ನೆಲ್ಲ ಅದರ ಮುಂದಕ್ಕೆ ತರಲು ಬೇಲಿ ಬೇಕಿತ್ತು. "ನಿಮ್ಮ ಹಳೇ ಜಾಗದಲ್ಲಿ, ನಿಮ್ಮ ಹಾಗೇ ಕಟ್ಟಿಕೊಡ್ತೀರಾ?" ಎಂದು ಕೇಳಿದಳು. ಇಸ್ಸಾತ್ ಅಲ್ಲಿಯ ರೂಢಿಯಂತೆ ಕಾಫಿಗೆ ಹಾಕಿದ ಗಿಣ್ಣಿನ ತುಂಡುಗಳನ್ನು ಚಮಚದಿಂದ ಮುಳುಗಿಸುತ್ತ ಕೂತಿದ್ದ.

"ಬಲೆ ಕಟ್ಟೋ ಬಾಯಿಗೆ ಟೀವಿ ಕಟ್ಟೋದಾ?"

"ಸದ್ಯಕ್ಕೆ ಹೌದು."

"ಸದ್ಯಕ್ಕೆ," ಎಂದು ಅವನು ಆ ಒಂದು ಮಾತನ್ನು ಹಿಡಿದುಕೊಂಡಿದ್ದ.

ನೆರೆ ಇಳಿದ ಮೇಲೆ ಕಟ್ಟಿದರು. ಮೂರು ಮೂರು ಪೈನ್ ಗಳುಗಳನ್ನು ಕಟ್ಟಿದ ಮುಕ್ಕಾಲಿಗಳನ್ನು ಸಾಲಾಗಿ ನಿಲ್ಲಿಸಿ, ಅವುಗಳ ನಡುವೆ ಎಲೆಯ ಸಮೇತ ಬರ್ಚ್ ಕೊಂಬೆಗಳನ್ನು ಹೆಣೆದು, ಎರಡೂ ದಡದಿಂದ ಬೇಲಿ ಬಂದು ನಡುಹೊಳೆಯಲ್ಲಿ ಒಂದು ಬಾಯಿ ಬಿಟ್ಟಿತು. ಆಚೆ ದಡದ ಕೆಲಸ ರಾವ್ನಾಳದು. ಈಚೆ ದಡದ್ದನ್ನು ಯಾವಾಗಲೂ ಮನೆಯ ಹಿರಿಯನೇ ಮಾಡುತ್ತಿದ್ದ, ಒಬ್ಬನೇ. ಈ ಸಲ ಒಂದೇ ಕೈಯಲ್ಲಿ ಅದಕ್ಕೆ ದಿನಗಟ್ಟಲೆ ಹಿಡಿದಿತ್ತು. ಬಾಯಿಯಲ್ಲಿ ಕ್ಯಾಮೆರಾದ ಪೆಟ್ಟಿಗೆ ಕೂತಿತು. ಸೋಲ್ವೈಗ್ ದೋಣಿಯಲ್ಲಿ ಬಂದು ನೋಡಿ, "ಎಷ್ಟು ಚೆನ್ನಾಗಿದೆ," ಎಂದಳು. ನಿಜಕ್ಕೂ ಚೆನ್ನಾಗಿತ್ತು.

ಆಮೇಲೆ ಮೀನು ಬಂತು. ಎಲ್ಲರೂ ಅಂದುಕೊಂಡದ್ದಕ್ಕಿಂತ ಹೆಚ್ಚು ಬಂತು. ಪರದೆಯ ಮೂಲೆಯ ಸಂಖ್ಯೆ ಇನ್ನೂರನ್ನು ದಾಟಿ, ಮುನ್ನೂರಕ್ಕೆ ಕೈಗೆ ಸಿಗುವಷ್ಟು ಹತ್ತಿರ ಬಂದಿತ್ತು. ಕಣಿವೆಯ ಉದ್ದಕ್ಕೂ ಬೇಲಿಗೂಟಗಳ ಮೇಲೆ ಬಲೆಗಳು ಹೊರಬಂದು ಗಾಳಿಗೆ ಆರುತ್ತಿದ್ದವು. ಇಸ್ಸಾತ್ ಮಾತ್ರ ಸಂಖ್ಯೆಯನ್ನು ಒಮ್ಮೆಯೂ ಕೇಳಿರಲಿಲ್ಲ. ಹೊಳೆಯಿಂದ ಬಂದವನನ್ನು ಎಷ್ಟು ಸಿಕ್ಕಿತೆಂದು ಆ ಮನೆಯಲ್ಲಿ ಯಾರೂ ಕೇಳುವಂತಿರಲಿಲ್ಲ. ಒಂದು ಮೀನು ಸಿಕ್ಕಿದ್ದರೂ ದೋಣಿ ತುಂಬಿದ್ದರೂ "ಪಾತ್ರೆಗೆ ಸಾಕು" ಎಂಬುದೇ ಉತ್ತರ. ಮಗಳು ಮೀನು ಎಣಿಸುವ ಕೆಲಸಕ್ಕೆ ಸೇರಿದಾಗ ಅವನು ಏನೂ ಅನ್ನಲಿಲ್ಲ. ಸಂಜೆ ಅವಳು ಮನೆಗೆ ಬಂದಾಗ, "ನೀರು ಹೇಗಿದೆ?" ಎಂದಷ್ಟೇ ಕೇಳುತ್ತಿದ್ದ.

ರಾವ್ನಾ ಹಿಂದಿನ ವಾರದ ಚಿತ್ರಗಳನ್ನೂ ತೆಗೆದಳು. ಸೆಕೆ ಶುರುವಾದ ದಿನದಿಂದ ಕೊಡಲಿ ಗುರುತಿನ ಮೀನು ಮತ್ತೆ ಮತ್ತೆ ಹಾದುಹೋಗಿತ್ತು. ಬಾಲದ ತುದಿ ಹರಿದಿದ್ದ ಇನ್ನೊಂದು ಸಿಕ್ಕಿತು. ಕೆಳದವಡೆ ಸೊಟ್ಟಗಿದ್ದ ಗಂಡೊಂದು ಸಿಕ್ಕಿತು. ಗುರುತೇ ಇಲ್ಲದವು ಒಂದರ ಹಾಗೆ ಒಂದು ಬೆಳ್ಳಗೆ ಹಾದುಹೋಗುತ್ತಿದ್ದವು. ಅವುಗಳನ್ನು ಬೇರೆ ಬೇರೆ ಎನ್ನಲು ಏನೂ ಇರಲಿಲ್ಲ, ಒಂದೇ ಎನ್ನಲೂ ಏನೂ ಇರಲಿಲ್ಲ.

ಅಷ್ಟರಲ್ಲಿ ಹೊರಗೆ ಮೋಟಾರಿನ ಸದ್ದು ನಿಂತಿತು.

"ಮಾವ, ಹಲ್ಲಲ್ಲಿ ಬಲೆ ಕಟ್ತಾ ಇದ್ದೀಯಲ್ಲ, ಮೀನು ಬಂದ್ರೆ ಕಚ್ಚೇ ಹಿಡೀತೀಯೋ ಏನು ಕತೆ?" ಪಿಯೆರಾನ ದನಿ. ಹೊಳೆಯಲ್ಲಿ ಎಲ್ಲರಿಗಿಂತ ಮೇಲುಗಡೆಯ ಮನೆ ಅವನದೂ ಅವನ ಹೆಂಡತಿ ಎಲ್ಲೆಯದೂ.

"ಬಾರೋ. ನಿನ್ನ ಬಲೆ ಇಲಿ ತಿಂದು ಬಿಟ್ಟಿದ್ದರಲ್ಲಿ ಏನಾದ್ರೂ ಉಳಿದಿದ್ಯಾ?"

"ಇಲಿ ತಿಂದಿದ್ದನ್ನ ಎಲ್ಲೆ ಹೊಲಿದಿದ್ದಾಳೆ. ಅವಳು ನನ್ನ ಅಂಗಿ ಯಾವತ್ತೂ ಅಷ್ಟು ಚೆನ್ನಾಗಿ ಹೊಲಿದಿಲ್ಲ. ತಗೋ, ರೊಟ್ಟಿ ಕಳಿಸಿದ್ದಾಳೆ. ಎಲ್ಲಿ ನಮ್ಮ ಮಂತ್ರಿಗಳು?" ಪಿಯೆರಾ ಗುಡಿಸಲಿನ ಬಾಗಿಲಲ್ಲಿ ತಲೆ ಹಾಕಿದ. "ಏನಮ್ಮಾ ರಾವ್ನಾ, ಇವತ್ತಾದ್ರೂ ಮುನ್ನೂರು ಮಾಡ್ತೀಯಾ? ನಾಲ್ಕು ಬಾತುಕೋಳಿ ಸೇರಿಸಿಬಿಡು, ಯಾರು ನೋಡ್ತಾರೆ."

ಅವಳು ನಗಲಿಲ್ಲ. ಎದೆಮಟ್ಟದ ರಬ್ಬರ್ ಬೂಟು ಏರಿಸಿಕೊಂಡು ಅವನ ಪಕ್ಕದಿಂದ ಹೊರಗೆ ಹೋದಳು.

ಈಚೆ ದಡದಲ್ಲಿ ವಿಲ್ಲೋ ಪೊದೆಗಳು ನೀರಿನ ಮೇಲೆ ಬಾಗಿದ್ದವು. ಅವನ್ನು ಸರಿಸಿ ನೋಡಿದಳು. ದೊಡ್ಡ ಬಂಡೆಗೂ ಕೊನೆಯ ಮುಕ್ಕಾಲಿಗೂ ನಡುವೆ ಬೇಲಿ ಇರಲಿಲ್ಲ. ತೋಳಗಲದ ಕಂಡಿ. ಕಿತ್ತುಹೋದದ್ದಲ್ಲ, ಅದರ ಎರಡು ಅಂಚನ್ನೂ ಬರ್ಚ್ ತೊಗಟೆಯಿಂದ ಸುತ್ತಿ, ಮೀನಿನ ಮೈ ತರಚದ ಹಾಗೆ ನಯಮಾಡಿ ಕಟ್ಟಿದ್ದರು. ಅವಳು ಅಲ್ಲೇ ನಿಂತಿರುವಾಗ ಮೇಲಿನಿಂದ ಒಂದು ಕಪ್ಪು ಬೆನ್ನು ದಡ ಹಿಡಿದು ಬಂದು, ಸದ್ದಿಲ್ಲದೆ ಕಂಡಿಯಲ್ಲಿ ಕೆಳಕ್ಕೆ ಜಾರಿತು. ಬೇಲಿಯ ಕೆಳಗೆ ಬಂಡೆಯ ಬುಡದಲ್ಲಿ ತಣ್ಣೀರಿನ ಒರತೆಯೊಂದು ಹೊಳೆಗೆ ಸೇರುತ್ತಿತ್ತು. ಮೀನು ಹೋಗಿ ಅಲ್ಲಿ ನಿಂತಿತು. ಅಲ್ಲಿ ಇನ್ನೂ ಕೆಲವು ನಿಂತಿದ್ದವು, ಒಂದಕ್ಕೊಂದು ತಾಗಿಕೊಂಡು, ಕಿವಿರುಗಳನ್ನು ಬೇಗ ಬೇಗ ಆಡಿಸುತ್ತ.

ಹೊಳೆಯ ನೀರು ಬಚ್ಚಲ ನೀರಿನ ಹಾಗಿತ್ತು. ಹತ್ತಲು ಹೋಗುತ್ತವೆ, ಮೇಲೆ ಬಿಸಿ ತಾಳಲಾರದೆ ಇಲ್ಲಿಗೆ ಇಳಿಯುತ್ತವೆ, ಸ್ವಲ್ಪ ದಣಿವಾರಿಸಿಕೊಂಡು ಮತ್ತೆ ಹತ್ತುತ್ತವೆ. ಹತ್ತುವಾಗ ನಡುಹೊಳೆ, ಇಳಿಯುವಾಗ ದಡ. ಕ್ಯಾಮೆರಾ ಅರ್ಧವನ್ನು ಮಾತ್ರ ನೋಡಿತ್ತು.

"ಅಪ್ಪಾ, ಇಲ್ಲೊಂದು ಕಂಡಿ ಇದೆ."

ಇಸ್ಸಾತ್ ಸೂಜಿಯಿಂದ ತಲೆ ಎತ್ತಲಿಲ್ಲ. "ಇರುತ್ತೆ. ಮೇಲಿನ ಮನೆಯವರ ಬಾಗಿಲು ಅದು."

"ಯಾವ ಬಾಗಿಲು?"

"ನಾವು ಬಾಯಲ್ಲಿ ಬಲೆ ಕಟ್ಟಿ ಎಲ್ಲಾ ನಾವೇ ಬಾಚ್ಕೊಂಡ್ರೆ ಮೇಲಿನವರು ಏನು ಉಣ್ತಾರೆ? ನಮ್ಮಜ್ಜ ಬಿಡ್ತಿದ್ದ, ನಮ್ಮಪ್ಪ ಬಿಡ್ತಿದ್ದ. ಇವನ ಅಜ್ಜ ಅದರಲ್ಲಿ ಬಂದ ಮೀನು ತಿಂದೇ ಅಷ್ಟು ದಪ್ಪ ಆಗಿದ್ದು."

"ಹೌದು ಹೌದು," ಎಂದ ಪಿಯೆರಾ. "ದೋಣಿ ಎರಡು ಸಲ ಮುಳುಗಿಸಿದ್ದ."

"ಬಲೆನೇ ಇಲ್ವಲ್ಲಪ್ಪ ಈಗ. ಹೋಗೋ ಮೀನೆಲ್ಲಾ ಹೋಗುತ್ತೆ. ಬಾಗಿಲು ಯಾಕೆ?"

ಸೂಜಿ ಹಿಡಿದ ಇಸ್ಸಾತನ ಕೈ ತೊಡೆಯ ಮೇಲೆ ನಿಂತಿತು.

"ಬೇಲಿ ಅಂದ್ಮೇಲೆ ಬಾಗಿಲು ಇರುತ್ತೆ," ಎಂದ.

ರಾವ್ನಾ ದಡಕ್ಕೆ ಬಂದು, ಒದ್ದೆ ಬೂಟಿನಲ್ಲೇ ಹುಲ್ಲಿನ ಮೇಲೆ ಕೂತು, ತಾನು ಕಂಡದ್ದನ್ನು ಹೇಳಿದಳು. ಕೊಡಲಿ ಗುರುತು, ಹರಿದ ಬಾಲ, ಸೊಟ್ಟ ದವಡೆ, ಒರತೆ. ಅಪ್ಪನ ಮುಖ ನೋಡುವುದು ಕಷ್ಟವಾಗಿ ಬಲೆಯನ್ನೇ ನೋಡುತ್ತ ಹೇಳಿದಳು. ಪಿಯೆರಾ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಕೇಳಿಸಿಕೊಂಡ. ಆಮೇಲೆ ಅವನ ಮುಖ ಥಟ್ಟನೆ ಅರಳಿತು.

"ತಡಿ, ತಡಿ. ಆ ಕಂಡೀಲಿ ಇಳಿಯೋ ಹಾಗೇ ಹತ್ತೋಕೂ ಆಗುತ್ತಲ್ಲ? ಟೀವಿಗೆ ಕಾಣದೆ ಹತ್ತಿ ಹೋದವೂ ಇರ್ತವೆ. ಅದಕ್ಕಿದು ಸರಿಹೋಯ್ತು. ಮುನ್ನೂರಲ್ಲ, ನಾನ್ನೂರೇ ಹೋಗಿರಬಹುದು!"

"ಇರಬಹುದು."

"ಮತ್ತೆ?"

"ನಿನ್ನ ಮನೆ ಮುಂದಿನ ಗುಂಡೀಲಿ ಈ ವರ್ಷ ಎಷ್ಟು ಮೀನು ನೆಗೆದಿದ್ದು ನೋಡಿದೆ?"

ಪಿಯೆರಾ ರೊಟ್ಟಿಯ ಚೂರನ್ನು ಬೆರಳಲ್ಲಿ ಉಂಡೆಮಾಡಿದ. ಅವನ ಮನೆಯ ಮುಂದೆ ಹೊಳೆ ಅಗಲವಾಗಿ ನಿಲ್ಲುವ ಗುಂಡಿಯಿತ್ತು. ಹತ್ತಿದ ಮೀನೆಲ್ಲ ಅಲ್ಲಿಗೇ ಬರಬೇಕು.

"ಸೆಕೆಗೆ ತಳ ಸೇರಿರಬೇಕು ಅಂದ್ಕೊಂಡೆ," ಎಂದ. ಸ್ವಲ್ಪ ತಡೆದು, "ಎಲ್ಲೆ ದಿನಾ ಕೇಳ್ತಾಳೆ. ಮೀನು ನಿನ್ನೆ ಇಲ್ಲ, ಇವತ್ತೂ ಇಲ್ಲ, ಎಲ್ಲಿಗೆ ಹೋದವು ಅಂತ. ನಿನಗೇನು ಗೊತ್ತು, ರಾವ್ನಾಳ ಟೀವೀಲಿ ಮುನ್ನೂರಿದೆ ಅಂತ ಬೈದಿದ್ದೀನಿ ನಾನು."

ಅವನು ರೊಟ್ಟಿಯ ಉಂಡೆಯನ್ನು ಹುಲ್ಲಿಗೆ ಎಸೆದ.

"ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ ತಂಗಿ," ಎಂದ ಪಿಯೆರಾ. "ನೀನೇನೂ ಸುಳ್ಳು ಹೇಳಬೇಕಾಗಿಲ್ಲ. ಮಿಷನ್ ಎಣಿಸಿದ್ದನ್ನ ಮಿಷನ್ನೇ ಕಳಿಸುತ್ತೆ. ನೀನು ಸುಮ್ನಿದ್ರೆ ಸಾಕು. ಮಾವನ ಕೈ ನೋಡು. ಒಂದು ವಾರ. ಅಷ್ಟೇ ತಾನೇ ಎಲ್ಲಾರೂ ಕೇಳ್ತಿರೋದು?"

ಅದು ನಿಜವಾಗಿತ್ತು. ಸಂಜೆ ಸಂಖ್ಯೆ ತಾನಾಗಿ ಇಲಾಖೆಗೆ ಹೋಗುತ್ತಿತ್ತು. ಅವಳು ಏನೂ ಮಾಡಬೇಕಾಗಿಯೇ ಇರಲಿಲ್ಲ.

"ಒಂದು ವಾರ ಎಲ್ಲಾರೂ ಬಲೆ ಇಳಿಸಿದ್ರೆ ಅಲ್ಲಿ ನಿಂತಿರೋ ಅಷ್ಟೂ ಹೋಗುತ್ತೆ ಪಿಯೆರಾ. ಆಮೇಲೆ ಎಣಿಸೋಕೂ ಏನಿರಲ್ಲ."

ಪಿಯೆರಾ ಇಸ್ಸಾತನ ಕಡೆ ನೋಡಿದ, ಅವನಾದರೂ ಬಯ್ಯಲಿ ಅಥವಾ ಬೇಡಲಿ ಎಂಬಂತೆ. ಇಸ್ಸಾತ್ ಹೊಳೆಯನ್ನು ನೋಡುತ್ತಿದ್ದ. ತಾನು ಕಟ್ಟಿದ ಬೇಲಿಯ ಉದ್ದಕ್ಕೂ ಅವನ ಕಣ್ಣು ಒಂದೊಂದೇ ಮುಕ್ಕಾಲಿಯನ್ನು ದಾಟಿ, ವಿಲ್ಲೋ ಪೊದೆಯವರೆಗೆ ಬಂದು ನಿಂತಿತು.

"ಎಷ್ಟಿದೆ?" ಎಂದು ಕೇಳಿದ.

ರಾವ್ನಾಳಿಗೆ ಮೊದಲು ಅರ್ಥವಾಗಲಿಲ್ಲ. ಹುಟ್ಟಿದಾಗಿನಿಂದ ಅವನ ಬಾಯಿಂದ ಆ ಪ್ರಶ್ನೆಯನ್ನು ಅವಳು ಕೇಳಿರಲಿಲ್ಲ. ಪಿಯೆರಾ ಕೂಡ ತಲೆ ಎತ್ತಿದ.

"ಏನಪ್ಪ?"

"ಮೀನು. ನಿಜವಾಗಿ ಎಷ್ಟಿದೆ?"

"ಗೊತ್ತಿಲ್ಲಪ್ಪ. ಗುರುತು ಸಿಕ್ಕಿದ್ದು ಮೂರು. ಒರತೇಲಿ ಈಗ ನಿಂತಿರೋದು... ಒಂದು ಹತ್ತಿರಬಹುದು. ಹನ್ನೆರಡು."

"ಹನ್ನೆರಡು," ಎಂದ ಅವನು, ಗೊತ್ತಿಲ್ಲದ ಊರಿನ ಹೆಸರನ್ನು ಹೇಳಿ ನೋಡುವಂತೆ. ಬಲೆಯನ್ನು ಮಡಚತೊಡಗಿದ. ಕೊನೆಯ ಕಣ್ಣು ಇನ್ನೂ ಕಟ್ಟಿಯಾಗಿರಲಿಲ್ಲ. ಸೂಜಿಯನ್ನು ಅಲ್ಲೇ ಸಿಕ್ಕಿಸಿದ. ಒಂದು ಕೈಯಲ್ಲಿ ಮಡಚಲು ಆಗದೆ ಬಲೆ ಜಾರುತ್ತಿತ್ತು. ಪಿಯೆರಾ ಎದ್ದು ಇನ್ನೊಂದು ತುದಿಯನ್ನು ಹಿಡಿದುಕೊಂಡ. "ಫೋನ್ ಮಾಡು ಆ ಹುಡುಗಿಗೆ," ಎಂದ ಇಸ್ಸಾತ್.

ಸೋಲ್ವೈಗ್ ನಡುವೆ ಮಾತಾಡದೆ ಕೇಳಿದಳು. ನೀವು ಹೇಗೆ ಗಮನಿಸಲಿಲ್ಲ ಎಂದು ಅವಳು ಕೇಳಲಿಲ್ಲ. ದೋಣಿಯಲ್ಲಿ ಬಂದು ನೋಡಿ ಹೋದದ್ದು ಅವಳಿಗೂ ನೆನಪಿದ್ದಿರಬೇಕು.

"ಹಾಗಾದ್ರೆ ಈ ಬೇಸಿಗೆಯ ಲೆಕ್ಕ ಕೊಡೋಕಾಗಲ್ಲ ರಾವ್ನಾ."

"ಲೆಕ್ಕ ಇಲ್ಲ ಅಂದ್ರೆ?"

"ಲೆಕ್ಕ ಇಲ್ಲ ಅಂದ್ರೆ ಹೊಳೆ ತೆರೆಯಲ್ಲ. ಅದು ನನ್ನ ಕೈಯಲ್ಲಿಲ್ಲ." ಆಚೆ ಕಡೆ ಯಾರೋ ಬಾಗಿಲು ಹಾಕಿದ ಸದ್ದು. "ಆ ಕಂಡಿ ಇವತ್ತೇ ಮುಚ್ಚಿಸಿಬಿಡಿ. ಉಳಿದ ದಿನಗಳದ್ದಾದ್ರೂ ಸರಿಯಾಗಿ ಸಿಗಲಿ. ಇಲ್ಲದಿದ್ರೆ ಮುಂದಿನ ವರ್ಷಕ್ಕೂ ನಮ್ಮ ಹತ್ತಿರ ಏನೂ ಇರಲ್ಲ."

"ಮೇಲಿರೋವು ತಣ್ಣೀರಿಗೆ ಇಳಿಯೋದು ಅದರಲ್ಲೇ."

"ಬಾಯಿಂದಲೂ ಇಳೀಬಹುದಲ್ಲ?"

"ಇಳೀಬಹುದು. ಆದ್ರೆ ಅವು ದಡ ಹಿಡಿದು ಬರ್ತವೆ."

"ಮುಚ್ಚಿಬಿಡಿ," ಎಂದಳು ಸೋಲ್ವೈಗ್. "ನಿಮ್ಮ ತಂದೆಯವರಿಗೆ..." ಎಂದು ಶುರುಮಾಡಿ, ಮುಗಿಸದೆ, ನಾಳೆ ಬರುತ್ತೇನೆ ಎಂದು ಫೋನ್ ಇಟ್ಟಳು.

ಕೊಂಬೆ ಕಡಿದು ತಂದವನು ಪಿಯೆರಾ. "ನಮ್ಮಜ್ಜನ ಬಾಗಿಲಿಗೆ ನಾನೇ ಬೀಗ ಹಾಕಬೇಕಾಯ್ತು ನೋಡು," ಎಂದ. ನಗಿಸಲು ಹೇಳಿದ್ದೋ ಏನೋ, ಯಾರೂ ನಗಲಿಲ್ಲ. ಈಚೆ ದಡದ ಕೆಲಸವಾದ್ದರಿಂದ ಇಸ್ಸಾತ್ ತಾನೇ ಇಳಿಯುತ್ತೇನೆಂದ. ರಾವ್ನಾ ಬೇಡವೆನ್ನಲಿಲ್ಲ. ಅವಳು ಅವನ ಎಡಕ್ಕೆ ನಿಂತು, ಅವನ ಎಡಗೈ ಮಾಡಬೇಕಾದ್ದನ್ನು ಮಾಡಿದಳು. ಕೊಂಬೆಯನ್ನು ಅವಳು ಒತ್ತಿ ಹಿಡಿದರೆ ಅವನು ಬಳ್ಳಿ ಸುತ್ತುತ್ತಿದ್ದ. "ಕೆಳಗೆ. ಇನ್ನೂ ಕೆಳಗೆ. ಎಲೆ ನೀರಿನ ಕಡೆಗೆ ಇರಲಿ. ಹಾಂ." ಬರ್ಚ್ ತೊಗಟೆಯ ಸುತ್ತನ್ನು ಬಿಚ್ಚದೆ ಅದರ ಮೇಲೆಯೇ ಕಟ್ಟಿದರು. ಕಂಡಿ ಕಿರಿದಾಯಿತು, ಆಮೇಲೆ ಇಲ್ಲವಾಯಿತು. ಅವನು ಅಂಗೈಯಿಂದ ಒಮ್ಮೆ ತಟ್ಟಿ ನೋಡಿದ. ಬೇಲಿ ಎಲ್ಲಿಯೂ ಅಲುಗಲಿಲ್ಲ.

ಪಿಯೆರಾ ಮನೆಗೆ ಹೋದ. ಎಲ್ಲೆಗೆ ಏನು ಹೇಳಲಿ ಎಂದು ದೋಣಿ ಹತ್ತುವಾಗ ತನಗೆ ತಾನೇ ಕೇಳಿಕೊಂಡ. ರಾವ್ನಾ ದಡ ಹತ್ತಿ ಬೂಟು ಕಳಚಿದಳು. ಅಪ್ಪ ಬರಲಿಲ್ಲ.

"ಬಾರಪ್ಪ. ಕಾಲು ಹಿಡ್ಕೊಳ್ಳುತ್ತೆ."

"ತಡಿ."

ಅವನು ಬೇಲಿಯ ಮೇಲುಗಡೆ ತೊಡೆಮಟ್ಟದ ನೀರಿನಲ್ಲಿ ನಿಂತಿದ್ದ. ಅವಳು ಬರಿಗಾಲಲ್ಲಿ ಬಂಡೆಯ ಮೇಲೆ ಬಂದು ನೋಡಿದಳು. ಮೇಲಿನಿಂದ ದಡ ಹಿಡಿದು ಬಂದಿದ್ದ ಮೀನೊಂದು ಈಗಷ್ಟೇ ಕಟ್ಟಿದ ಕೊಂಬೆಗಳಿಗೆ ಮೂತಿ ತಾಗಿಸಿ ನಿಂತಿತ್ತು. ಹಿಂದೆ ಸರಿಯಿತು, ಬಂಡೆಯ ಬುಡಕ್ಕೆ ಹೋಯಿತು, ಮತ್ತೆ ಬಂದು ಅದೇ ಜಾಗಕ್ಕೆ ಮೂತಿ ತಾಗಿಸಿತು. ನೀರು ತಿಳಿಯಾಗಿತ್ತು. ಎಡಪಕ್ಕೆಯ ಬಿಳಿ ಗುರುತು ಚೆನ್ನಾಗಿ ಕಾಣುತ್ತಿತ್ತು, ಪರದೆಯಲ್ಲಿ ಕಂಡದ್ದಕ್ಕಿಂತ ಸಣ್ಣದಾಗಿ. ಬಾಯಿ ತೆರೆದು ಮುಚ್ಚುತ್ತಿತ್ತು. ನಡುಹೊಳೆಯ ಬಾಯಿ ಕೂಗಳತೆಯಷ್ಟೂ ದೂರವಿರಲಿಲ್ಲ, ಆದರೆ ಅತ್ತ ಅದು ತಿರುಗಲಿಲ್ಲ.

"ತೆಗೆದುಬಿಡಲಾ?" ಎಂದಳು ರಾವ್ನಾ. ಅವಳ ದನಿ ಅವಳಿಗೇ ಸಣ್ಣ ಹುಡುಗಿಯ ದನಿಯಂತೆ ಕೇಳಿಸಿತು.

ಕೈ ಚಾಚಿದರೆ ಸಿಗುವಷ್ಟು ಹತ್ತಿರವಿತ್ತು ಮೀನು. ಇಸ್ಸಾತನ ಬಲಗೈ ನೀರಿನ ಮೇಲೆ ಒಂದು ಕ್ಷಣ ತೂಗಿ, ಮತ್ತೆ ಪಕ್ಕಕ್ಕೆ ಬಂತು. ಈ ತಿಂಗಳು ಮುಳುಗದ ಸೂರ್ಯ ಬರ್ಚ್ ಮರಗಳ ಮೇಲೆ ವಾಲಿ ನಿಂತು ನೀರನ್ನು ಕಾಯಿಸುತ್ತಲೇ ಇದ್ದ. ಇಸ್ಸಾತನ ನೆರಳು ಬೇಲಿಯ ಬುಡದವರೆಗೆ ಬಿದ್ದಿತ್ತು. ಮೀನು ಮೆಲ್ಲಗೆ ಬಾಲ ಆಡಿಸಿ, ಆ ನೆರಳಿನೊಳಕ್ಕೆ ಸರಿದು ನಿಂತಿತು.

ರಾವ್ನಾ ಬಂಡೆಯ ಮೇಲೆ ಕೂತಳು. ಇನ್ನೊಮ್ಮೆ ಕರೆಯಲಿಲ್ಲ. ಬಿಸಿಲು ಕಣ್ಣಿಗೆ ಕಾಣದ ಹಾಗೆ ಪಕ್ಕಕ್ಕೆ ಸರಿಯುತ್ತಿತ್ತು, ನೆರಳೂ ಸರಿಯುತ್ತಿತ್ತು. ಮೀನಿನ ಬೆನ್ನಿನ ಮೇಲೆ ಬೆಳಕಿನ ಅಂಚು ಬಿದ್ದಾಗಲೆಲ್ಲ ಅಪ್ಪ ತಳದ ಕಲ್ಲನ್ನು ಕಾಲಿನಿಂದ ತಡವಿ ನೋಡಿ, ನೀರು ಕಲಕದಂತೆ, ಅರ್ಧ ಹೆಜ್ಜೆ ಪಕ್ಕಕ್ಕೆ ಇಡುತ್ತಿದ್ದ.